ಕುಸಿತದ ತಿಂಗಳುಗಳಲ್ಲಿ ಒಂದು ಹೂಡಿಕೆ ಸಲಹಾ ಸೇವೆ: ಎರಡು ವರ್ಷಗಳ ಅನುಭವ

2023ರ ಸೆಪ್ಟೆಂಬರ್‌ನಿಂದ ನಾನು ಮೈಸೂರಿನ ಒಂದು ಸಣ್ಣ ಹೂಡಿಕೆ ಸಲಹಾ ಕಚೇರಿಯ ಸೇವೆಯನ್ನು ಹಣ ಕೊಟ್ಟು ಪಡೆಯುತ್ತಿದ್ದೇನೆ. ವಾರ್ಷಿಕ ಶುಲ್ಕ 24,000 ರೂಪಾಯಿ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರಿ ಒಟ್ಟು 28,320 ರೂಪಾಯಿ. ಸೇವೆಯ ಕೆಲವು ಕೊರತೆಗಳನ್ನೂ ಇಲ್ಲಿ ಬರೆಯಬೇಕಾಗಿರುವುದರಿಂದ ಕಚೇರಿಯ ಹೆಸರನ್ನು ಹೇಳುವುದಿಲ್ಲ. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿಸಿಕೊಂಡು, ಕಮಿಷನ್ ಪಡೆಯದೆ, ಗ್ರಾಹಕರ ಶುಲ್ಕದಿಂದಷ್ಟೇ ನಡೆಯುವ ಇಂಥ ಕಚೇರಿಗಳು ಬೇರೆ ಊರುಗಳಲ್ಲಿಯೂ ಇವೆ. ಆದ್ದರಿಂದ ಈ ವಿಮರ್ಶೆಯನ್ನು ಒಂದು ಕಚೇರಿಯ ಬಗೆಗಿನ ಮಾತಾಗಿ ಮಾತ್ರವಲ್ಲದೆ, ಇಂಥ ಸೇವೆಗೆ ಹಣ ಕೊಡಬಹುದೇ ಎಂದು ಯೋಚಿಸುತ್ತಿರುವವರಿಗೆ ಒಂದು ಲೆಕ್ಕವಾಗಿಯೂ ಓದಿಕೊಳ್ಳಬಹುದು. ಮಾರುಕಟ್ಟೆ ಏರುತ್ತಿದ್ದ ಮೊದಲ ವರ್ಷ ಇವರ ಬೆಲೆ ನನಗೆ ತಿಳಿಯಲಿಲ್ಲ. 2024ರ ಅಕ್ಟೋಬರ್‌ನಿಂದ 2025ರ ಏಪ್ರಿಲ್‌ವರೆಗಿನ ಏಳು ತಿಂಗಳಲ್ಲಿ ತಿಳಿಯಿತು.

ನಾನು ಇವರ ಬಳಿಗೆ ಹೋದದ್ದಕ್ಕೆ ಕಾರಣ 2020ರಲ್ಲಿ ಮಾಡಿಕೊಂಡ ಒಂದು ತಪ್ಪು. ನಾನು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸದಲ್ಲಿರುವ ಸಂಬಳದಾರ. ಕೆಲವು ವರ್ಷ ತಿಂಗಳು ತಿಂಗಳು ಕಟ್ಟುತ್ತ ಬಂದ ಎಸ್‌ಐಪಿ ಹಣ ನಿಫ್ಟಿ ಎಂಬ ಷೇರು ಸೂಚ್ಯಂಕವನ್ನೇ ಅನುಸರಿಸುವ ಒಂದು ಇಂಡೆಕ್ಸ್ ಫಂಡ್‌ನಲ್ಲಿ 2020ರ ಜನವರಿ ಮಧ್ಯದ ಹೊತ್ತಿಗೆ ಸುಮಾರು 6,20,000 ರೂಪಾಯಿ ಆಗಿತ್ತು. ಮಾರ್ಚ್ 23ರ ಸೋಮವಾರ, ಹಿಂದಿನ ದಿನವಷ್ಟೇ ಜನತಾ ಕರ್ಫ್ಯೂ ಮುಗಿದಿತ್ತು. ಬೆಳಗ್ಗೆ ಸೂಚ್ಯಂಕ ಶೇ 10ರಷ್ಟು ಬಿದ್ದು ವಹಿವಾಟು 45 ನಿಮಿಷ ನಿಂತಿತು, ಮತ್ತೆ ಶುರುವಾದ ಮೇಲೆಯೂ ಬೀಳುವುದು ನಿಲ್ಲಲಿಲ್ಲ. ದಿನದ ಕೊನೆಗೆ ಸೆನ್ಸೆಕ್ಸ್ 3,935 ಅಂಶ ಕಳೆದುಕೊಂಡಿತ್ತು, ನಿಫ್ಟಿ ಸುಮಾರು ಶೇ 13ರಷ್ಟು ಕುಸಿದು 7,610ಕ್ಕೆ ಇಳಿದಿತ್ತು. ಆ ರಾತ್ರಿ ಹನ್ನೊಂದರ ಹೊತ್ತಿಗೆ, ಮನೆಯವರೆಲ್ಲ ಮಲಗಿದ ಮೇಲೆ, ಅಡುಗೆಮನೆಯ ದೀಪದ ಕೆಳಗೆ ನಿಂತು, ಉಳಿದಷ್ಟಾದರೂ ಕೈಗೆ ಬಂದರೆ ಸಾಕು ಎಂದು ಪೂರ್ತಿ ಹಣ ಹಿಂಪಡೆಯುವ ಗುಂಡಿ ಒತ್ತಿದೆ. ಅರ್ಜಿ ಹಾಕುವಾಗ ಮೂರು ಗಂಟೆಯ ಗಡುವು ಮುಗಿದಿದ್ದರಿಂದ ಮರುದಿನದ ಎನ್‌ಎವಿ, ಅಂದರೆ ಫಂಡ್‌ನ ಒಂದು ಯೂನಿಟ್‌ನ ಬೆಲೆ, ಸಿಕ್ಕಿತು, ಖಾತೆಗೆ ಬಂದದ್ದು ಸುಮಾರು 3,91,000. ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಗುಂಡಿ ಒತ್ತಿದ ಮೇಲೆ ವಾರಗಳಿಂದ ಬಾರದಿದ್ದ ನಿದ್ದೆ ಬಂತು. ಹೆದರಿ ಮಾರುವವರನ್ನು ಮೂರ್ಖರೆಂದು ಬೈಯುವವರಿಗೆ ಈ ನಿದ್ದೆಯ ಬೆಲೆ ಗೊತ್ತಿರುವುದಿಲ್ಲ. ಅದು ನಿಜವಾದ ಬಿಡುಗಡೆ, ಅದಕ್ಕಾಗಿಯೇ ಅದರ ಸೆಳೆತ ಅಷ್ಟು ದೊಡ್ಡದು.

ಆದರೆ ಮಾರಿದವರಿಗೆ ಮತ್ತೆ ಯಾವಾಗ ಒಳಗೆ ಬರಬೇಕು ಎಂದು ಯಾರೂ ಹೇಳುವುದಿಲ್ಲ. ಏಪ್ರಿಲ್‌ನಲ್ಲಿ ಮಾರುಕಟ್ಟೆ ಏರಿದಾಗ ಇದು ನಿಲ್ಲುವ ಏರಿಕೆಯಲ್ಲ ಎಂದುಕೊಂಡೆ, ಜುಲೈಯಲ್ಲಿ ಇನ್ನೊಮ್ಮೆ ಬೀಳಲಿ ಎಂದು ಕಾದೆ, ನವೆಂಬರ್‌ನಲ್ಲಿ ನಿಫ್ಟಿ ಹಳೆಯ ಗರಿಷ್ಠ ಮಟ್ಟವನ್ನು ದಾಟಿದಾಗ ಈಗ ತುಂಬಾ ದುಬಾರಿಯಾಯಿತು ಎಂದು ಸುಮ್ಮನಾದೆ. ಕೊನೆಗೆ ಒಳಗೆ ಬಂದದ್ದು 2021ರ ಆಗಸ್ಟ್‌ನಲ್ಲಿ, ಸೂಚ್ಯಂಕ 16,000 ದಾಟಿದ ಮೇಲೆ. ಮಾರಿದ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು ಕೊಟ್ಟು ಅದೇ ಫಂಡ್ ಕೊಂಡೆ. ಸುಮ್ಮನೆ ಬಿಟ್ಟಿದ್ದರೆ ಆ ಹೊತ್ತಿಗೆ ಆ ಹಣ 8 ಲಕ್ಷ ಆಗಿರುತ್ತಿತ್ತು. ಬ್ಯಾಂಕಿನಲ್ಲಿ ಬಡ್ಡಿ ಸೇರಿ ಇದ್ದದ್ದು 4,15,000ದ ಆಸುಪಾಸು. ಆ ಒಂದು ರಾತ್ರಿಯ ನಿದ್ದೆಗೆ ನಾನು ತೆತ್ತದ್ದು ಹತ್ತಿರ ಹತ್ತಿರ 3,85,000 ರೂಪಾಯಿ. ಈಗ ಕೊಡುತ್ತಿರುವ ಶುಲ್ಕದ ಲೆಕ್ಕದಲ್ಲಿ ಅದು ಹದಿಮೂರು ವರ್ಷಕ್ಕೂ ಮೀರಿದ ಮೊತ್ತ. ಸಲಹೆಗಾರರ ಬಾಗಿಲು ತಟ್ಟುವ ಮೊದಲು ನಾನು ಕಾಗದದ ಮೇಲೆ ಹಾಕಿದ ಲೆಕ್ಕ ಇದೇ.

ನೋಂದಾಯಿತ ಸಲಹೆಗಾರರಿಗೂ ಮ್ಯೂಚುವಲ್ ಫಂಡ್ ವಿತರಕರಿಗೂ ಇರುವ ವ್ಯತ್ಯಾಸ ಇನ್ನೂ ಅನೇಕರಿಗೆ ತಿಳಿದಿಲ್ಲ. ವಿತರಕರಿಗೆ ಫಂಡ್ ಸಂಸ್ಥೆಯಿಂದ ಕಮಿಷನ್ ಬರುತ್ತದೆ, ಅದು ನಮ್ಮ ರೆಗ್ಯುಲರ್ ಪ್ಲಾನ್‌ನ ವೆಚ್ಚದೊಳಗೆ ಸೇರಿಕೊಂಡಿರುತ್ತದೆ. ಸೆಬಿಯ 2013ರ ನಿಯಮಾವಳಿಯಡಿ ನೋಂದಾಯಿಸಿಕೊಂಡ ಸಲಹೆಗಾರರು ತಮ್ಮ ಸಲಹಾ ಗ್ರಾಹಕರಿಂದ ಶುಲ್ಕವನ್ನಷ್ಟೇ ಪಡೆದು, ಕಮಿಷನ್ ಸೇರದ ಡೈರೆಕ್ಟ್ ಪ್ಲಾನ್ ಸೂಚಿಸಬೇಕು, ಗ್ರಾಹಕರ ಅಪಾಯ ತಾಳುವ ಶಕ್ತಿಯನ್ನು ಅಳೆದು ದಾಖಲಿಸಬೇಕು, ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಅವರ ನೋಂದಣಿ ಸಂಖ್ಯೆ ಐಎನ್‌ಎ ಎಂಬ ಅಕ್ಷರಗಳಿಂದ ಶುರುವಾಗುತ್ತದೆ, ಸೆಬಿಯ ಜಾಲತಾಣದಲ್ಲಿ ಹೆಸರು ಹಾಕಿ ಪರಿಶೀಲಿಸಬಹುದು. ನಾನು ಪರಿಶೀಲಿಸಿದ ಮೇಲೆಯೇ ಮೊದಲ ಭೇಟಿಗೆ ಹೋದೆ.

ಆ ಮೊದಲ ಭೇಟಿಯ ಎರಡು ಗಂಟೆಗಳು ಈ ಸೇವೆಯ ಅತ್ಯುತ್ತಮ ಭಾಗ ಎಂದು ಇಂದಿಗೂ ನನಗೆ ಅನ್ನಿಸುತ್ತದೆ. ಅಪಾಯ ತಾಳುವ ಶಕ್ತಿಯ ಪ್ರಶ್ನಾವಳಿಗಳನ್ನು ನಾನು ಹಿಂದೆಯೂ ಮೊಬೈಲ್ ಆ್ಯಪ್‌ಗಳಲ್ಲಿ ತುಂಬಿದ್ದೆ. ಮಾರುಕಟ್ಟೆ ಶೇ 20 ಬಿದ್ದರೆ ಏನು ಮಾಡುವಿರಿ ಎಂಬ ಪ್ರಶ್ನೆಗೆ ಇನ್ನಷ್ಟು ಕೊಳ್ಳುತ್ತೇನೆ ಎಂದು ಗುರುತು ಹಾಕುವುದು, ಕುರ್ಚಿಯ ಮೇಲೆ ಆರಾಮವಾಗಿ ಕುಳಿತಿದ್ದಾಗ, ಬಲು ಸುಲಭ. ಇಲ್ಲಿ ಸಲಹೆಗಾರರು ಶೇಕಡಾವಾರು ಮಾತನ್ನೇ ಆಡಲಿಲ್ಲ. ನನ್ನ ಖಾತೆಗಳ ವಿವರವನ್ನೆಲ್ಲ ನೋಡಿ, ಒಂದು ಹಾಳೆಯ ಮೇಲೆ ದೊಡ್ಡದಾಗಿ ಒಂದು ಮೊತ್ತ ಬರೆದು, ಅದರ ಕೆಳಗೆ ಸುಮಾರು ಮೂರನೇ ಒಂದು ಭಾಗ ಕಡಿಮೆಯಾದ ಇನ್ನೊಂದು ಮೊತ್ತ ಬರೆದು, ನಡುವಿನ ವ್ಯತ್ಯಾಸ ನಿಮ್ಮ ಎಷ್ಟು ತಿಂಗಳ ಸಂಬಳ ಎಂದು ಕೇಳಿದರು. ಐದು ತಿಂಗಳ ಸಂಬಳ ಎಂದು ನನ್ನ ಬಾಯಿಂದಲೇ ಹೇಳಿಸಿದ ಮೇಲೆ, ಅದು ಹೋದ ದಿನ ಮನೆಯಲ್ಲಿ ಯಾರಿಗೆ ಮೊದಲು ಹೇಳುತ್ತೀರಿ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಷೇರುಗಳಿಗೆ ಶೇ 75 ಎಂದು ನಾನು ಹಟ ಹಿಡಿದದ್ದು ಆ ಪ್ರಶ್ನೆಯ ನಂತರ ಶೇ 60ಕ್ಕೆ ಇಳಿಯಿತು, ಉಳಿದ ಶೇ 40 ಠೇವಣಿ ಮತ್ತು ಸಾಲಪತ್ರ ಫಂಡ್‌ಗಳಿಗೆ ಹೋಯಿತು. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಸಂತೋಷಕ್ಕಿಂತ ಸುಮಾರು ಎರಡರಷ್ಟು ಎಂಬ ಮಾತು ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮಸ್ ಟ್ವೆರ್‌ಸ್ಕಿ ಅವರು 1979ರಿಂದ ನಡೆಸಿದ ಅಧ್ಯಯನಗಳಿಂದ ಬಂದದ್ದು, ಅದನ್ನು ನಾನು ಓದಿದ್ದೆ. ಓದಿದ್ದು ನನ್ನ ಮೈಗೆ ತಾಗಿದ್ದು ಆ ಹಾಳೆಯ ಮುಂದೆ.

ಭೇಟಿಯ ಕೊನೆಗೆ ಒಂದು ಗೆರೆ ಹಾಕಿದ ಹಾಳೆ ಮತ್ತು ಪೆನ್ನು ಕೊಟ್ಟು, ಮುಂದಿನ ಕುಸಿತದಲ್ಲಿ ಹೆದರಿ ಕುಳಿತಿರುವ ನಿಮಗೆ ಈಗಿನ ನೀವು ಒಂದು ಪತ್ರ ಬರೆಯಿರಿ, ಕನ್ನಡದಲ್ಲಿ, ನಿಮ್ಮದೇ ಮಾತುಗಳಲ್ಲಿ ಎಂದರು. ಅದೇ ವಾರ ನಿಫ್ಟಿ ಮೊದಲ ಬಾರಿಗೆ 20,000 ಮುಟ್ಟಿತ್ತು, ಸುತ್ತಮುತ್ತ ಎಲ್ಲರೂ ಹಿಗ್ಗಿನಲ್ಲಿದ್ದರು, ಪತ್ರ ಬರೆಯಲು ನನಗೆ ಸ್ವಲ್ಪ ಸಂಕೋಚವೇ ಆಯಿತು. ಆದರೂ ಬರೆದೆ. 2020ರಲ್ಲಿ ಏನು ಮಾಡಿದೆ, ಎಷ್ಟು ಕಳೆದುಕೊಂಡೆ, ಈ ಹಣ ಯಾವುದಕ್ಕೆ, ಯಾವ ವರ್ಷ ಬೇಕು ಎಂದೆಲ್ಲ ಬರೆದು, ಕೊನೆಗೆ ಅವರು ಸೂಚಿಸಿದ ಒಂದು ನಿಯಮವನ್ನು ಸೇರಿಸಿದೆ: ಮಾರಬೇಕು ಎನ್ನಿಸಿದರೆ ಎರಡು ರಾತ್ರಿ ಕಾಯುತ್ತೇನೆ, ಅಷ್ಟರೊಳಗೆ ಒಮ್ಮೆ ಸಲಹೆಗಾರರೊಂದಿಗೆ ಮಾತನಾಡುತ್ತೇನೆ, ಆಮೇಲೂ ಬೇಕೆನ್ನಿಸಿದರೆ ಮಾರುತ್ತೇನೆ. ಸಹಿ ಹಾಕಿದ ಮೂಲ ಪ್ರತಿ ನನ್ನ ಬೀರುವಿನಲ್ಲಿದೆ, ಫೋಟೊ ಅವರ ಕಡತದಲ್ಲಿದೆ.

ಅಂದು ಅವರು ತೋರಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕೋವಿಡ್ ಕುಸಿತ ಎಂಟು ತಿಂಗಳೊಳಗೆ ಅಳಿಸಿಹೋದದ್ದನ್ನು ಕಂಡವರು ಪ್ರತಿ ಕುಸಿತವೂ ಹಾಗೆಯೇ ಎಂದು ನಂಬಿಬಿಡುತ್ತಾರೆ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೆ ಹೋಯಿತು. 2010ರ ಕೊನೆಯಲ್ಲಿ ಒಮ್ಮೆ ಹಳೆಯ ಮಟ್ಟವನ್ನು ಮುಟ್ಟಿ ಮತ್ತೆ ಇಳಿಯಿತು, ಅದನ್ನು ದಾಟಿ ನೆಲೆಯೂರಲು 2014 ಬರಬೇಕಾಯಿತು. ಆರು ವರ್ಷ ಕಾಯುವ ಶಕ್ತಿ ಯಾವ ಹಣಕ್ಕಿದೆಯೋ ಅದನ್ನು ಮಾತ್ರ ಇಲ್ಲಿಡಿ ಎಂದು ಅವರು ಹೇಳಿದ್ದರಿಂದಲೇ, 2025ರ ಜೂನ್‌ನಲ್ಲಿ ಮಗಳ ಎಂಜಿನಿಯರಿಂಗ್ ಪ್ರವೇಶಕ್ಕೆ ಬೇಕಾಗುವ ಹಣವನ್ನು 2024ರ ಮೇ ತಿಂಗಳಲ್ಲೇ, ಸೂಚ್ಯಂಕ ಏರುತ್ತಿದ್ದಾಗಲೇ, ತೆಗೆದು ಠೇವಣಿಯಲ್ಲಿಟ್ಟೆವು. ಆಗ ನನಗೆ ಅದು ಬಿಟ್ಟುಕೊಟ್ಟ ಲಾಭದಂತೆ ಕಂಡಿತ್ತು.

ಇನ್ನು ಕುಸಿತದ ಮಾತು. 2024ರ ಸೆಪ್ಟೆಂಬರ್ 27ರಂದು ನಿಫ್ಟಿ 26,277ರ ಗರಿಷ್ಠ ಮಟ್ಟ ಮುಟ್ಟಿ, ಅಲ್ಲಿಂದ ಇಳಿಯತೊಡಗಿತು. ಅಕ್ಟೋಬರ್ ಒಂದರಲ್ಲೇ ವಿದೇಶಿ ಹೂಡಿಕೆದಾರರು ಸುಮಾರು 94,000 ಕೋಟಿ ರೂಪಾಯಿಯ ಷೇರುಗಳನ್ನು ಮಾರಿದರು. ಫೆಬ್ರುವರಿ ಮುಗಿಯುವ ಹೊತ್ತಿಗೆ ಸತತ ಐದು ತಿಂಗಳ ಇಳಿಕೆ, 1996ರಿಂದೀಚೆಗೆ ಕಾಣದಿದ್ದದ್ದು. 2020ರ ಕುಸಿತ ಸಿಡಿಲು ಬಡಿದಂತೆ ಇತ್ತು, ಇದು ಮಳೆಗಾಲದಲ್ಲಿ ಗೋಡೆ ನೆನೆದು ತೇವ ಮೇಲೇರಿದಂತೆ. ನನ್ನ ಅನುಭವದಲ್ಲಿ ನಿಧಾನದ ಕುಸಿತವೇ ಹೆಚ್ಚು ಕಷ್ಟ. ಹೆದರಿಕೆಗಿಂತ ಬೇಸರ, ಬೇಸರಕ್ಕಿಂತ ತನ್ನ ಮೇಲಿನ ಸಿಟ್ಟು ಮನಸ್ಸನ್ನು ತಿನ್ನುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಹೋಗುವುದರಿಂದ ಇಂದೇ ತೀರ್ಮಾನಿಸಬೇಕೆಂಬ ಒತ್ತಡವಿಲ್ಲ, ಹಾಗಾಗಿ ದಿನವೂ ಅದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತದೆ. ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಎಸ್‌ಐಪಿ ನಿಲ್ಲಿಸಿದರು. ದೇಶದ ಲೆಕ್ಕದಲ್ಲೂ 2025ರ ಜನವರಿಯಲ್ಲಿ ಹೊಸದಾಗಿ ಶುರುವಾದ ಎಸ್‌ಐಪಿ ಖಾತೆಗಳು ಸುಮಾರು 56 ಲಕ್ಷವಾದರೆ ನಿಂತವು ಸುಮಾರು 61 ಲಕ್ಷ. ಹಳೆಯ ಖಾತೆಗಳ ದಾಖಲೆ ಸರಿಪಡಿಸಿದ್ದರಿಂದಲೂ ಆ ಸಂಖ್ಯೆ ಹಿಗ್ಗಿತ್ತು ಎಂಬುದು ನಿಜ, ಆದರೆ ನನ್ನ ಸುತ್ತ ನಿಂತವು ದಾಖಲೆಯ ಖಾತೆಗಳಾಗಿರಲಿಲ್ಲ.

ಫೆಬ್ರುವರಿ 28ರ ಶುಕ್ರವಾರ ನಿಫ್ಟಿ ಒಂದೇ ದಿನ 420 ಅಂಶ ಬಿದ್ದು 22,124ಕ್ಕೆ ಬಂತು. ಗರಿಷ್ಠ ಮಟ್ಟದಲ್ಲಿ 12 ಲಕ್ಷವಿದ್ದ ನನ್ನ ಷೇರು ಫಂಡ್‌ಗಳ ಮೊತ್ತ, ನಡುವೆ ಕಟ್ಟಿದ ಕಂತುಗಳನ್ನು ಬಿಟ್ಟು ನೋಡಿದರೆ, 9,70,000ಕ್ಕೆ ಇಳಿದಿತ್ತು. ಹಿಂದೆ ನಾನೇ ಕೊಂಡಿದ್ದ ಸಣ್ಣ ಕಂಪನಿಗಳ ಫಂಡ್ ಸೂಚ್ಯಂಕಕ್ಕಿಂತ ಹೆಚ್ಚು ಬಿದ್ದಿತ್ತು. ಕೊನೆಯ ತರಗತಿ ಮುಗಿಸಿ ಕಾಲೇಜಿನ ಮೆಟ್ಟಿಲ ಮೇಲೆ ಕುಳಿತು ಕಚೇರಿಗೆ ಕರೆ ಮಾಡಿ, ಎಲ್ಲವನ್ನೂ ತೆಗೆದುಬಿಡೋಣ, ಕೆಳಗೆ ಹೋದ ಮೇಲೆ ಮತ್ತೆ ಕೊಳ್ಳೋಣ ಎಂದೆ. ಸಲಹೆಗಾರರು ಮಾರುಕಟ್ಟೆ ಏರುತ್ತದೆ ಎಂಬ ಭರವಸೆಯನ್ನು ಕೊಡಲಿಲ್ಲ. ಈ ಹಣ ನಿಮಗೆ ಯಾವ ವರ್ಷ ಬೇಕು ಎಂದು ಕೇಳಿದರು, 2036 ಎಂದೆ. ಮಗಳ ಹಣ ಎಲ್ಲಿದೆ ಎಂದು ಕೇಳಿದರು, ಠೇವಣಿಯಲ್ಲಿ ಎಂದೆ. ಮತ್ತೆ ಕೊಳ್ಳುವ ಮಟ್ಟ ಯಾವುದೆಂದು ಈಗಲೇ ಬರೆದುಕೊಡುತ್ತೀರಾ ಎಂದು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. ಐದು ನಿಮಿಷದಲ್ಲಿ ವಾಟ್ಸ್ಆ್ಯಪ್‌ಗೆ ಒಂದು ಫೋಟೊ ಬಂತು, ನನ್ನದೇ ಕೈಬರಹದ ಪತ್ರ. ಮೂರನೇ ಸಾಲಿನಲ್ಲಿ ‘ಆ ರಾತ್ರಿ ನಿದ್ದೆ ಬಂತು, ಆದರೆ ಒಂದೂವರೆ ವರ್ಷ ಮತ್ತೆ ಒಳಗೆ ಬರಲು ಧೈರ್ಯ ಬರಲಿಲ್ಲ’ ಎಂದಿತ್ತು. ಬೇರೆ ಯಾರು ಹೇಳಿದ್ದರೂ ನಾನು ವಾದಿಸುತ್ತಿದ್ದೆ. ನನ್ನ ಅಕ್ಷರದೊಂದಿಗೆ ವಾದಿಸಲು ಆಗಲಿಲ್ಲ. ಶುಕ್ರವಾರ ಮತ್ತು ಶನಿವಾರದ ರಾತ್ರಿಗಳು ಕಳೆದವು, ಭಾನುವಾರ ಮಾರುವ ಮಾತನ್ನು ನಾನೇ ಬಿಟ್ಟೆ.

ಮುಂದಿನ ವಾರ ಅವರು ಮಾಡಿಸಿದ ಕೆಲಸ ನನಗೆ ಇನ್ನೂ ಕಷ್ಟದ್ದಾಗಿತ್ತು. ಷೇರುಗಳ ಪಾಲು ಶೇ 60ರಿಂದ ಐದು ಅಂಶಕ್ಕಿಂತ ಹೆಚ್ಚು ಆಚೀಚೆ ಹೋದರೆ ಸರಿದೂಗಿಸಬೇಕು ಎಂಬುದು ಒಪ್ಪಂದದಲ್ಲಿದ್ದ ನಿಯಮ, ಪಾಲು ಶೇ 54ಕ್ಕೆ ಇಳಿದಿತ್ತು. ಹಾಗಾಗಿ ಸಾಲಪತ್ರ ಫಂಡ್‌ನಿಂದ ಸುಮಾರು 1 ಲಕ್ಷ ರೂಪಾಯಿಯನ್ನು ಎರಡು ಕಂತುಗಳಲ್ಲಿ ಇಂಡೆಕ್ಸ್ ಫಂಡ್‌ಗೆ ವರ್ಗಾಯಿಸಬೇಕಾಯಿತು. ನಿಫ್ಟಿ ಸತತ ಹತ್ತು ದಿನ ಇಳಿದು ದಾಖಲೆ ಬರೆದ ವಾರ ಅದು, ಮಾರ್ಚ್ 4ರಂದು 22,082ಕ್ಕೆ ಮುಗಿದಿತ್ತು. ಗುಂಡಿ ಒತ್ತುವಾಗ ಕೈ ನಡುಗಿತು. ಆದರೆ ಕೊಳ್ಳಬೇಕೋ ಬೇಡವೋ ಎಂದು ನಾನು ಆ ದಿನ ತೀರ್ಮಾನಿಸಬೇಕಾಗಿರಲಿಲ್ಲ, ಹಿಂದೆಯೇ ತೀರ್ಮಾನವಾಗಿದ್ದನ್ನು ನಡೆಸಬೇಕಿತ್ತು ಅಷ್ಟೆ. ಈ ಸೇವೆಯಲ್ಲಿ ನಾನು ಮೆಚ್ಚಿದ ಮುಖ್ಯ ಗುಣ ಇದು. ಮನಸ್ಸು ಶಾಂತವಾಗಿದ್ದಾಗಲೇ ತೀರ್ಮಾನಗಳನ್ನು ಮಾಡಿಸಿಟ್ಟು, ಮನಸ್ಸು ಕದಡಿದಾಗ ಮಾಡಲು ಸಣ್ಣ ಕೆಲಸವನ್ನಷ್ಟೇ ಉಳಿಸುತ್ತಾರೆ.

ಈಗ ಕೊರತೆಗಳು. ಏಪ್ರಿಲ್ 7ರ ಸೋಮವಾರ ಅಮೆರಿಕದ ಸುಂಕದ ಸುದ್ದಿಗೆ ಜಗತ್ತಿನ ಮಾರುಕಟ್ಟೆಗಳೆಲ್ಲ ಬಿದ್ದವು. ನಿಫ್ಟಿ ಬೆಳಗ್ಗೆ ಸುಮಾರು ಶೇ 5ರಷ್ಟು ಕುಸಿದಿತ್ತು. ಒಂಬತ್ತೂವರೆಯಿಂದ ಹನ್ನೊಂದರವರೆಗೆ ನಾಲ್ಕು ಬಾರಿ ಕರೆ ಮಾಡಿದೆ, ಯಾರೂ ಎತ್ತಲಿಲ್ಲ. ಹನ್ನೆರಡಕ್ಕೆ ಎಲ್ಲ ಗ್ರಾಹಕರಿಗೂ ಒಂದೇ ಪಠ್ಯದ ಇಂಗ್ಲಿಷ್ ಮಿಂಚಂಚೆ ಬಂತು, ಹೂಡಿಕೆಯಲ್ಲಿ ಮುಂದುವರಿಯಿರಿ ಎಂಬ ಒಣ ಸಾಲುಗಳು. ಸಲಹೆಗಾರರು ಕರೆ ಮಾಡಿದ್ದು ಸಂಜೆ ಆರು ಗಂಟೆಗೆ, ಆ ಹೊತ್ತಿಗೆ ಮಾರುಕಟ್ಟೆ ಸ್ವಲ್ಪ ಚೇತರಿಸಿಕೊಂಡು ಮುಚ್ಚಿತ್ತು. ಒಬ್ಬ ಸಲಹೆಗಾರ, ಒಬ್ಬ ಸಹಾಯಕಿ, ನೂರಕ್ಕೂ ಹೆಚ್ಚು ಕುಟುಂಬಗಳು. ಎಲ್ಲರಿಗೂ ಒಂದೇ ದಿನ ಭಯವಾದರೆ ಒಂದು ದೂರವಾಣಿ ಸಾಲದು ಎಂಬುದು ನನಗೂ ಅರ್ಥವಾಗುತ್ತದೆ. ಆದರೂ ವರ್ಷದಲ್ಲಿ ಮೂರೋ ನಾಲ್ಕೋ ದಿನಕ್ಕಾಗಿ ಕೊಡುವ ಶುಲ್ಕ ಇದು, ಆ ದಿನಗಳಲ್ಲೇ ಸಿಗದಿದ್ದರೆ ಅದನ್ನು ಸಣ್ಣ ಲೋಪ ಎನ್ನಲಾಗದು. ಅಂದು ನನ್ನನ್ನು ತಡೆದದ್ದು ಬೀರುವಿನಲ್ಲಿದ್ದ ಹಾಳೆ.

ಎರಡನೆಯ ಕೊರತೆ ಭಾಷೆಯದು. ಮಾತುಕತೆಯೆಲ್ಲ ಕನ್ನಡದಲ್ಲೇ ನಡೆದರೂ ಒಪ್ಪಂದ ಇಂಗ್ಲಿಷಿನಲ್ಲಿದೆ, ವಾರ್ಷಿಕ ವರದಿ ಮೂವತ್ತೆಂಟು ಪುಟಗಳ ಇಂಗ್ಲಿಷ್ ಕಡತ. ನನ್ನ ಸಂಗಾತಿಗೆ ಆ ವರದಿ ಅರ್ಥವಾಗುವುದಿಲ್ಲ, ಅರ್ಥವಾಗದ ಹಣದ ಬಗ್ಗೆ ಮನೆಯಲ್ಲಿ ಮೂಡುವ ಭಯ ಹೂಡಿದವರ ಭಯಕ್ಕಿಂತ ದೊಡ್ಡದು. ಎಷ್ಟು ಹೋಯಿತು ಎಂಬ ಪ್ರಶ್ನೆ ರಾತ್ರಿ ಊಟದ ಹೊತ್ತಿಗೆ ಬಂದಾಗ ಕೈಗೆ ಕೊಡಲು ಕನ್ನಡದ ಒಂದು ಪುಟ ಇದ್ದಿದ್ದರೆ ಆ ಏಳು ತಿಂಗಳು ಎಷ್ಟೋ ಹಗುರಾಗುತ್ತಿದ್ದವು.

ಮೂರನೆಯದು ಬೆಲೆ. ನನ್ನ ಒಟ್ಟು 20 ಲಕ್ಷದ ಹೂಡಿಕೆಗೆ 28,320 ರೂಪಾಯಿ ಎಂದರೆ ಶೇ 1.4. ಇಂಡೆಕ್ಸ್ ಫಂಡ್‌ಗಳ ಡೈರೆಕ್ಟ್ ಪ್ಲಾನ್‌ನ ವಾರ್ಷಿಕ ವೆಚ್ಚಕ್ಕೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚು. ಶುಲ್ಕ ನಿಗದಿಯಾದದ್ದು, ಹಾಗಾಗಿ 50 ಲಕ್ಷ ಇರುವವರಿಗೆ ಅಗ್ಗ, 5 ಲಕ್ಷ ಇರುವವರಿಗೆ ಭಾರ. 10 ಲಕ್ಷಕ್ಕಿಂತ ಕಡಿಮೆ ಇರುವವರು ಪ್ರತಿವರ್ಷ ಈ ಹಣ ಕೊಡುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಅಂಥವರು ಒಮ್ಮೆ ಮಾತ್ರ ಶುಲ್ಕ ಕೊಟ್ಟು ಯೋಜನೆ ಮಾಡಿಸಿಕೊಂಡು, ಪತ್ರವನ್ನು ತಾವೇ ಬರೆದು, ಅದರ ಒಂದು ಪ್ರತಿಯನ್ನು ನಂಬಿಕೆಯ ಸ್ನೇಹಿತರ ಬಳಿ ಇಟ್ಟರೆ ಸಾಕು. ಮೊಬೈಲಿನ ಮೊದಲ ಪರದೆಯಿಂದ ಆ್ಯಪ್ ತೆಗೆದುಹಾಕುವುದಕ್ಕಂತೂ ಯಾರಿಗೂ ದುಡ್ಡು ಕೊಡಬೇಕಿಲ್ಲ. ಒಂದು ದಿನದ ಲೆಕ್ಕದಲ್ಲಿ ಮಾರುಕಟ್ಟೆ ಏರುವ ದಿನಗಳೂ ಇಳಿಯುವ ದಿನಗಳೂ ಹೆಚ್ಚುಕಡಿಮೆ ಸಮಸಮ ಇರುತ್ತವೆ. ದಿನವೂ ನೋಡುವವರು ಎರಡರಲ್ಲಿ ಒಂದು ದಿನ ನಷ್ಟವನ್ನೇ ಕಾಣುತ್ತಾರೆ. ನಾನೀಗ ಮೂರು ತಿಂಗಳಿಗೊಮ್ಮೆ ನೋಡುತ್ತೇನೆ, ಅದೂ ಅವರೊಂದಿಗೆ ಕುಳಿತು.

ಬೇರೆ ದಾರಿಗಳೊಂದಿಗೆ ಹೋಲಿಸದೆ ವಿಮರ್ಶೆ ಪೂರ್ತಿಯಾಗದು. ಅದೇ ಮಾರ್ಚ್‌ನಲ್ಲಿ ನನ್ನ ಖಾತೆಯಿರುವ ಬ್ಯಾಂಕಿನ ಅಧಿಕಾರಿಯೊಬ್ಬರು ಕರೆ ಮಾಡಿ, ನಷ್ಟದಲ್ಲಿರುವ ಫಂಡ್‌ಗಳನ್ನು ಮಾರಿ ಷೇರು ಸೇರಿದ ವಿಮಾ ಪಾಲಿಸಿ ಕೊಳ್ಳಿ ಎಂದರು. ಹೆದರಿದವರ ಹೆದರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವ ಈ ರೀತಿ ನನಗೆ ಬಹಳ ನೋವು ಕೊಟ್ಟಿತು. ಕಳೆದುಕೊಂಡದ್ದನ್ನು ಬೇಗ ಗಳಿಸಿಕೊಳ್ಳಲು, ಬೆಲೆಯ ಏರಿಳಿತದ ಮೇಲೆ ಪಣ ಕಟ್ಟಿದಂತಿರುವ ಆಪ್ಷನ್ಸ್ ವಹಿವಾಟಿಗೆ ಇಳಿದವರನ್ನೂ ಹತ್ತಿರದಿಂದ ಕಂಡಿದ್ದೇನೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಹಣ ಕಳೆದುಕೊಂಡಿದ್ದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಸಿಟ್ಟಿನಲ್ಲಿ ಇಟ್ಟ ಹಣ ಅದರಲ್ಲಿ ಎಷ್ಟಿತ್ತೋ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

2025ರ ಜೂನ್ ಅಂತ್ಯಕ್ಕೆ ನಿಫ್ಟಿ 25,500 ದಾಟಿತು, ಮಾರ್ಚ್‌ನಲ್ಲಿ ಕೊಂಡದ್ದು ಲಾಭದಲ್ಲಿದೆ. ಆದರೆ ಆ ಏರಿಕೆಯನ್ನು ಸಲಹೆಗಾರರ ಗೆಲುವಿನ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ. ಸೂಚ್ಯಂಕ ಇನ್ನೂ ಮೂರು ವರ್ಷ ಕೆಳಗೇ ಇದ್ದಿದ್ದರೂ ಫೆಬ್ರುವರಿಯಲ್ಲಿ ಅವರು ಕೇಳಿದ ಮೂರು ಪ್ರಶ್ನೆಗಳು ಅಷ್ಟೇ ಸರಿಯಾದವಾಗಿರುತ್ತಿದ್ದವು, ಏಕೆಂದರೆ ಮಗಳ ಶುಲ್ಕ ಜೂನ್‌ನಲ್ಲಿ ಠೇವಣಿಯಿಂದ ಹೇಗೂ ಕಟ್ಟಿಯಾಗುತ್ತಿತ್ತು.

ಐದಕ್ಕೆ ಅಂಕ ಕೊಡುವುದಾದರೆ ಯೋಜನೆಗೆ ಐದು, ಕುಸಿತದ ದಿನದ ಲಭ್ಯತೆಗೆ ಎರಡು, ಕನ್ನಡದ ಬಳಕೆಗೆ ಎರಡು, ಬೆಲೆಗೆ ಮೂರು ಕೊಡುತ್ತೇನೆ. ಬರುವ ಸೆಪ್ಟೆಂಬರ್‌ನಲ್ಲಿ ಒಪ್ಪಂದ ನವೀಕರಿಸಬೇಕಿದೆ. ಶೇ 3ಕ್ಕಿಂತ ಹೆಚ್ಚು ಬಿದ್ದ ದಿನ ಎರಡು ಗಂಟೆಯೊಳಗೆ ಮರುಕರೆ ಮಾಡಬೇಕು, ವರದಿಗೆ ಕನ್ನಡದ ಒಂದು ಪುಟ ಸೇರಿಸಬೇಕು ಎಂದು ಅವರಿಗೆ ಪತ್ರ ಬರೆದಿದ್ದೇನೆ. ಎರಡನೆಯದಕ್ಕೆ ಒಪ್ಪಿ ಮಾದರಿ ಪುಟವೊಂದನ್ನು ಕಳಿಸಿದ್ದಾರೆ, ಅದು ಚೆನ್ನಾಗಿಯೇ ಇದೆ. ಮೊದಲನೆಯದಕ್ಕೆ ಉತ್ತರ ಬಂದ ಮೇಲೆ ಸಹಿ ಹಾಕುತ್ತೇನೆ.